ಮೆಟ್ಟಿಲು ಯಾರಿಗಾಗಿ? ಅಂಗವಿಕಲರ ಸಮಾನತೆಯ ನೀತಿ ಮತ್ತು ಕಾನೂನು

ಮುಂಬೈಯಲ್ಲಿ ಜಾಗ ಸಿಗುವುದೇ ಕಷ್ಟ. ಆದ್ದರಿಂದ ಇಲ್ಲಿನ ಕನ್ನಡಿಗರ ಸಂಘಸಂಸ್ಥೆಗಳ ಕಚೇರಿ, ವಾಚನಾಲಯ, ಸಭಾಗೃಹಗಳು ಎಷ್ಟೋ ಕಡೆ ಹಳೆಯ ಕಟ್ಟಡಗಳ ಮೊದಲ ಅಥವಾ ಎರಡನೆಯ ಮಹಡಿಯಲ್ಲಿರುತ್ತವೆ. ಕಟ್ಟಡಕ್ಕೆ ಲಿಫ್ಟ್ ಇರುವುದಿಲ್ಲ. ಇದ್ದರೂ ಅದರ ಬಾಗಿಲು ತಲುಪಲು ಐದಾರು ಮೆಟ್ಟಿಲು ಹತ್ತಬೇಕಾಗುತ್ತದೆ. ಪುಸ್ತಕ ಬಿಡುಗಡೆಗೋ ತಾಳಮದ್ದಳೆಗೋ ಅಚ್ಚಾದ ಆಮಂತ್ರಣದಲ್ಲಿ ‘ಸರ್ವರಿಗೂ ಆದರದ ಸ್ವಾಗತ’ ಎಂದಿರುತ್ತದೆ. ಗಾಲಿಕುರ್ಚಿ ಬಳಸುವ ಸದಸ್ಯೆಯೊಬ್ಬರು ಫೋನ್ ಮಾಡಿ ವಿಚಾರಿಸಿದರೆ ‘ನೀವು ಬನ್ನಿ ಅಕ್ಕ, ನಮ್ಮ ಹುಡುಗರು ಎತ್ತಿಕೊಂಡು ಬರುತ್ತಾರೆ’ ಎಂಬ ಉತ್ತರ ಸಿಗುತ್ತದೆ. ಹೀಗೆ ಹೇಳುವವರ ಪ್ರೀತಿಯಲ್ಲಿ ಕಪಟವಿಲ್ಲ. ಆದರೆ ಆಕೆ ಅಪರಿಚಿತ ಯುವಕರ ಕೈಯಲ್ಲಿ ಕುರ್ಚಿ ಸಮೇತ ಓಲಾಡುತ್ತ ಎಲ್ಲರ ಕಣ್ಣೆದುರು ಮೇಲೇರಬೇಕೆಂದರೆ, ನಡುವೆ ಶೌಚಾಲಯಕ್ಕೆ ಹೋಗಬೇಕಾದಾಗ ಮತ್ತೆ ಅದೇ ಹುಡುಗರನ್ನು ಕರೆಯಬೇಕೆಂದರೆ, ಅವರಿಗೆ ಸಿಕ್ಕಿದ್ದು ಇತರರಿಗೆ ಸಿಕ್ಕಂಥ ಸ್ವಾಗತವೇ? ದಯೆ ಇದ್ದಲ್ಲಿ ನ್ಯಾಯವೂ ಇರುತ್ತದೆಯೇ, ಎಲ್ಲರಿಗೂ ಒಂದೇ ನಿಯಮ ಎಂದ ಮಾತ್ರಕ್ಕೆ ಎಲ್ಲರೂ ಸಮಾನರಾಗುತ್ತಾರೆಯೇ ಎಂಬ ದೊಡ್ಡ ಪ್ರಶ್ನೆಗಳು ಈ ಸಣ್ಣ ಪ್ರಶ್ನೆಯೊಳಗೇ ಅಡಗಿವೆ.

ಸಮಾನತೆ ಎಂದೊಡನೆ ಹೊಳೆಯುವ ಮೊದಲ ಅರ್ಥ, ಯಾರನ್ನೂ ಬೇರೆಯಾಗಿ ಕಾಣಬಾರದು ಎಂಬುದು. ಇದು ಸಣ್ಣ ಮಾತಲ್ಲ. ಜಾತಿಯ ಕಾರಣಕ್ಕೆ ಪಂಕ್ತಿಭೇದ ಮಾಡುವಲ್ಲಿ, ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವುದೇ ನ್ಯಾಯ. ಆದರೆ ಅಂಗವೈಕಲ್ಯದ ವಿಷಯದಲ್ಲಿ ಇದೇ ಸೂತ್ರ ಅರ್ಧದಾರಿಯಲ್ಲಿ ಕೈಬಿಡುತ್ತದೆ. ಅಂಧ ವಿದ್ಯಾರ್ಥಿಗೂ ಉಳಿದವರಿಗೂ ಒಂದೇ ಮುದ್ರಿತ ಪ್ರಶ್ನೆಪತ್ರಿಕೆ ಕೊಟ್ಟರೆ ಭೇದ ಮಾಡಿದಂತಾಗಲಿಲ್ಲ, ನಿಜ. ಆದರೆ ಆ ವಿದ್ಯಾರ್ಥಿಗೆ ಪರೀಕ್ಷೆಯೇ ನಡೆಯಲಿಲ್ಲ.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರು 1979ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನೀಡಿದ ಉಪನ್ಯಾಸದಲ್ಲಿ, ಸಮಾನತೆ ಬೇಕೆನ್ನುವವರು ಮೊದಲು ಯಾವುದರ ಸಮಾನತೆ ಎಂಬುದನ್ನು ಹೇಳಬೇಕು ಎಂದರು. ಅವರ ವಾದದ ನಡುವೆ ಅಂಗವಿಕಲ ವ್ಯಕ್ತಿಯೊಬ್ಬನ ಉದಾಹರಣೆ ಬರುತ್ತದೆ. ಒಟ್ಟು ಸುಖವನ್ನು ಹೆಚ್ಚಿಸುವುದೇ ಗುರಿ ಎಂದುಕೊಂಡರೆ, ಅದೇ ಹಣದಿಂದ ಕಡಿಮೆ ಸುಖ ಪಡೆಯುವ ಅಂಗವಿಕಲನಿಗೆ ಕಡಿಮೆ ಹಣ ಕೊಡುವುದೇ ಸರಿ ಎಂಬ ವಿಚಿತ್ರ ತೀರ್ಮಾನಕ್ಕೆ ಬರಬೇಕಾಗುತ್ತದೆ. ಆದಾಯ ಮತ್ತು ಅವಕಾಶಗಳನ್ನು ಸಮನಾಗಿ ಹಂಚಿದರೆ ಸಾಕು ಎಂದರೂ ಸಮಸ್ಯೆ ತೀರುವುದಿಲ್ಲ. ಡೊಂಬಿವಲಿಯಲ್ಲಿ ವಾಸಿಸುವ ಇಬ್ಬರು ಫೋರ್ಟಿನ ಒಂದೇ ಕಚೇರಿಯಲ್ಲಿ ಒಂದೇ ಸಂಬಳಕ್ಕೆ ದುಡಿಯುತ್ತಾರೆ ಎಂದುಕೊಳ್ಳೋಣ. ಒಬ್ಬರು ತಿಂಗಳ ಪಾಸ್ ಮಾಡಿಸಿ ಲೋಕಲ್ ಹಿಡಿಯುತ್ತಾರೆ. ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡ ಇನ್ನೊಬ್ಬರು ಮನೆಯಿಂದ ಸ್ಟೇಷನ್ನಿಗೆ ರಿಕ್ಷಾ, ಇಳಿದಲ್ಲಿಂದ ಟ್ಯಾಕ್ಸಿ, ವರ್ಷಕ್ಕೊಮ್ಮೆ ಕಾಲಿಗೆ ಕಟ್ಟುವ ಆಧಾರದ (ಕ್ಯಾಲಿಪರ್) ದುರಸ್ತಿ ಎಂದು ಖರ್ಚು ಮಾಡಿದ ಮೇಲೆ ಉಳಿದುದರಲ್ಲಿ ಮನೆ ನಡೆಸುತ್ತಾರೆ. ಸಂಬಳದ ಚೀಟಿಯಲ್ಲಿ ಸಮಾನತೆ ಇದೆ, ಬದುಕಿನಲ್ಲಿ ಇಲ್ಲ. ಕೈಗೆ ಬಂದುದನ್ನು ಬಳಸಿ ಮನುಷ್ಯ ನಿಜವಾಗಿ ಏನು ಮಾಡಬಲ್ಲ, ಹೇಗೆ ಬದುಕಬಲ್ಲ ಎಂಬುದನ್ನು ಅಳೆಯಬೇಕು ಎಂಬುದು ಸೇನ್ ಅವರ ನಿಲುವು. ತತ್ವಜ್ಞಾನಿ ಮಾರ್ಥಾ ನುಸ್‌ಬಾಮ್ ಈ ನಿಲುವನ್ನು ಮುಂದುವರಿಸಿ, ಸಮಾಜದಲ್ಲಿ ದುಡಿದು ಪಾಲುಗೊಳ್ಳಬಲ್ಲವರ ನಡುವಿನ ಒಪ್ಪಂದವೇ ನ್ಯಾಯ ಎನ್ನುವ ಸಿದ್ಧಾಂತಗಳು ತೀವ್ರ ಅಂಗವೈಕಲ್ಯ ಇರುವವರನ್ನು ಆರಂಭದಲ್ಲೇ ಹೊರಗಿಟ್ಟುಬಿಡುತ್ತವೆ ಎಂದು ತೋರಿಸಿದರು.

ಇಲ್ಲಿ ಮೆಟ್ಟಿಲಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನೆಲದಿಂದ ಹನ್ನೆರಡು ಅಡಿ ಮೇಲಿರುವ ಕೋಣೆಯನ್ನು ಬರಿಯ ಕಾಲಿನ ಬಲದಿಂದ ಯಾರೂ ತಲುಪಲಾರರು. ನಡೆಯಬಲ್ಲವರಿಗೂ ಒಂದು ಸಾಧನ ಬೇಕು, ಆ ಸಾಧನವೇ ಮೆಟ್ಟಿಲು. ಅದನ್ನು ಎಲ್ಲರ ದೇಣಿಗೆಯ ಹಣದಿಂದ ಕಟ್ಟಲಾಗಿದೆ. ಸಭಾಗೃಹದ ದೀಪಗಳು ಕಣ್ಣು ಕಾಣುವವರ ಸಲುವಾಗಿ, ಧ್ವನಿವರ್ಧಕ ಕಿವಿ ಕೇಳುವವರ ಸಲುವಾಗಿ, ಸಾಲು ಕುರ್ಚಿಗಳು ತಮ್ಮ ಕುರ್ಚಿಯನ್ನು ತಾವೇ ತರದವರ ಸಲುವಾಗಿ ಇವೆ. ಇವುಗಳಲ್ಲಿ ಯಾವುದನ್ನೂ ನಾವು ವಿಶೇಷ ಸೌಲಭ್ಯ ಎನ್ನುವುದಿಲ್ಲ, ಯಾವುದಕ್ಕೂ ಯಾರಿಂದಲೂ ಕೃತಜ್ಞತೆ ನಿರೀಕ್ಷಿಸುವುದಿಲ್ಲ. ಬಹುಸಂಖ್ಯಾತರು ಬಳಸುವ ಅನುಕೂಲ ಕಟ್ಟಡದ ಭಾಗವಾಗಿ ಕಾಣುತ್ತದೆ, ಕೆಲವರು ಬಳಸುವ ಅನುಕೂಲ ಮಾತ್ರ ಖರ್ಚಿನ ಬಾಬತ್ತಾಗಿ ಕಾಣುತ್ತದೆ. ಇಳಿಜಾರು ದಾರಿ ಕೇಳುವವರು ಹೆಚ್ಚಿನದೇನನ್ನೂ ಕೇಳುತ್ತಿಲ್ಲ. ಉಳಿದವರಿಗೆ ಆಗಲೇ ಸಂದಿರುವುದರಲ್ಲಿ ತಮ್ಮ ಪಾಲನ್ನು ಕೇಳುತ್ತಿದ್ದಾರೆ. ಇದನ್ನು ಒಪ್ಪಿದವರಿಗೆ ಮುಂದಿನದೆಲ್ಲ ಅರ್ಥವಾಗುತ್ತದೆ. ಒಪ್ಪದವರಿಗೆ ಪ್ರತಿಯೊಂದು ಏರ್ಪಾಡೂ ಉಪಕಾರವಾಗಿಯೇ ತೋರುತ್ತದೆ ಎಂದು ನಾನು ನಂಬಿದ್ದೇನೆ.

ಈ ವಿಚಾರಕ್ಕೆ ಒಂದು ಇತಿಹಾಸವಿದೆ. ಅಂಗವೈಕಲ್ಯ ಎಂದರೆ ದೇಹದ ದೋಷ, ಅದನ್ನು ವೈದ್ಯರು ಸರಿಪಡಿಸಬೇಕು ಅಥವಾ ದಾನಿಗಳು ಪೋಷಿಸಬೇಕು ಎಂಬ ಹಳೆಯ ದೃಷ್ಟಿಯನ್ನು ಬ್ರಿಟನ್ನಿನ ಅಂಗವಿಕಲ ಕಾರ್ಯಕರ್ತರು 1976ರಲ್ಲಿ ನೇರವಾಗಿ ಪ್ರಶ್ನಿಸಿದರು. ದೇಹದಲ್ಲಿ ಊನವಿರಬಹುದು, ಆದರೆ ಮನುಷ್ಯನನ್ನು ಅಶಕ್ತನನ್ನಾಗಿ ಮಾಡುವುದು ಸಮಾಜದ ಏರ್ಪಾಡು ಎಂದು ಅವರು ವಾದಿಸಿದರು. ಈ ವಾದವನ್ನು ಸಮಾಜಶಾಸ್ತ್ರಜ್ಞ ಮೈಕ್ ಆಲಿವರ್ 1980ರ ದಶಕದಲ್ಲಿ ‘ಸಾಮಾಜಿಕ ಮಾದರಿ’ ಎಂದು ಹೆಸರಿಸಿ ಬೆಳೆಸಿದರು. ಇದಕ್ಕೂ ಮಿತಿಯಿದೆ. ಸ್ನಾಯುಕ್ಷಯದ ದಣಿವು, ಕುಡಗೋಲುಕಣ (ಸಿಕಲ್ ಸೆಲ್) ರೋಗದ ನೋವು ಸಮಾಜ ಮಾಡಿದ್ದಲ್ಲ. ಎಲ್ಲ ಕಟ್ಟಡಗಳಿಗೂ ಲಿಫ್ಟ್ ಬಂದ ಮೇಲೂ ಅವು ಇರುತ್ತವೆ. ಆದ್ದರಿಂದ ವಿಶ್ವಸಂಸ್ಥೆ 2006ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಮಧ್ಯದ ದಾರಿ ಹಿಡಿದು, ದೇಹಸ್ಥಿತಿ ಮತ್ತು ಹೊರಗಿನ ಅಡ್ಡಿ ಇವೆರಡರ ಮುಖಾಮುಖಿಯಲ್ಲಿ ಅಂಗವೈಕಲ್ಯ ಹುಟ್ಟುತ್ತದೆ ಎಂದಿತು. ಭಾರತ ಇದನ್ನು 2007ರ ಅಕ್ಟೋಬರ್ 1ರಂದು ಸ್ಥಿರೀಕರಿಸಿತು. ಇದರ ಫಲವಾಗಿ 1995ರ ಹಳೆಯ ಕಾನೂನಿನ ಜಾಗದಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಬಂದು, 2017ರ ಏಪ್ರಿಲ್ 19ರಂದು ಜಾರಿಯಾಯಿತು. ಹಳೆಯ ಕಾನೂನು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. ಹೊಸದು 21 ಬಗೆಗಳನ್ನು ಗುರುತಿಸುತ್ತದೆ. 2011ರ ಜನಗಣತಿ ದೇಶದಲ್ಲಿ 2.68 ಕೋಟಿ ಅಂಗವಿಕಲರನ್ನು ಲೆಕ್ಕ ಹಾಕಿದ್ದು ಈ ವಿಸ್ತರಣೆಗೆ ಮುಂಚೆ ಎಂಬುದನ್ನು ನೆನಪಿಡಬೇಕು.

ಮುಂಬೈಯ ಲೋಕಲ್ ರೈಲು ಈ ಎಲ್ಲ ತತ್ವಗಳಿಗೆ ದಿನನಿತ್ಯದ ಪರೀಕ್ಷೆ. ಅಂಗವಿಕಲರಿಗೂ ಕ್ಯಾನ್ಸರ್ ರೋಗಿಗಳಿಗೂ ಪ್ರತ್ಯೇಕ ಬೋಗಿ ಇದೆ. ಅದು ಬಂದು ನಿಲ್ಲುವ ಜಾಗವನ್ನು ಅಂಧರು ಗುರುತಿಸಲೆಂದು ಪ್ಲಾಟ್‌ಫಾರ್ಮ್‌ಗಳಲ್ಲಿ ಬೀಪ್ ಶಬ್ದದ ಸಾಧನ ಅಳವಡಿಸಿದ್ದಾರೆ. ಪ್ರತ್ಯೇಕಿಸುವುದೇ ಒಂದು ಭೇದವಲ್ಲವೇ ಎಂದು ಯಾರಾದರೂ ಕೇಳಬಹುದು. ಎಂಟು ಗಂಟೆಯ ಚರ್ಚ್‌ಗೇಟ್ ಫಾಸ್ಟ್ ಗಾಡಿಯಲ್ಲಿ ಊರುಗೋಲು ಹಿಡಿದವರು ಸಾಮಾನ್ಯ ಬೋಗಿ ಹತ್ತುವುದು ಅಸಾಧ್ಯವಾದುದರಿಂದ ಈ ಪ್ರತ್ಯೇಕತೆ ಅವರನ್ನು ದೂರವಿಡುವುದಕ್ಕಲ್ಲ, ನಗರದೊಳಕ್ಕೆ ಬರಮಾಡಿಕೊಳ್ಳುವುದಕ್ಕಾಗಿ ಇದೆ. ಅಂಥ ಪ್ರತ್ಯೇಕತೆ ನ್ಯಾಯಸಮ್ಮತ. ಆದರೆ ಆ ಬೋಗಿ ಎಲ್ಲ ಅಂಗವಿಕಲರಿಗೂ ಒದಗುತ್ತದೆಯೇ ಎಂದರೆ ಇಲ್ಲ. ಗಾಡಿ ನಿಲ್ಲುವುದು ಅರ್ಧ ನಿಮಿಷಕ್ಕೂ ಕಡಿಮೆ. ಪ್ಲಾಟ್‌ಫಾರ್ಮ್‌ಗೂ ಬೋಗಿಗೂ ನಡುವೆ ಅಂತರವಿದೆ, ಎತ್ತರದ ವ್ಯತ್ಯಾಸವಿದೆ. ಗಾಲಿಕುರ್ಚಿ ಬಳಸುವವರು ಇನ್ನೊಬ್ಬರ ನೆರವಿಲ್ಲದೆ ಅದನ್ನು ಹತ್ತಲಾರರು. ಮಾಹಿತಿಯ ವಿಷಯದಲ್ಲಿ ಇನ್ನೊಂದು ಬಗೆಯ ತೊಡಕು. ಇಂಡಿಕೇಟರ್ ಕಿವುಡರಿಗೆ, ಮೈಕಿನ ಘೋಷಣೆ ಅಂಧರಿಗೆ ದಾರಿ ತೋರಿಸುತ್ತವೆ. ಗಾಡಿ ಬರುವ ಪ್ಲಾಟ್‌ಫಾರ್ಮ್ ಕೊನೆ ಗಳಿಗೆಯಲ್ಲಿ ಬದಲಾಗಿ, ಆ ಸುದ್ದಿ ಮೈಕಿನಲ್ಲಿ ಮಾತ್ರ ಬಂದರೆ ಕಿವುಡ ಪ್ರಯಾಣಿಕ ಖಾಲಿ ಪ್ಲಾಟ್‌ಫಾರ್ಮಿನಲ್ಲಿ ಉಳಿಯುತ್ತಾನೆ. ಅಂಗವಿಕಲರು ಎಂಬುದು ಒಂದೇ ಗುಂಪಲ್ಲ. ಒಬ್ಬರಿಗೆ ತೆರೆದ ಬಾಗಿಲು ಇನ್ನೊಬ್ಬರಿಗೆ ಮುಚ್ಚಿಯೇ ಇರಬಹುದು.

ಅದೇ ಬೋಗಿಯಲ್ಲಿ ಇನ್ನೊಂದು ದೃಶ್ಯವನ್ನು ಇಲ್ಲಿನವರೆಲ್ಲ ಕಂಡಿರುತ್ತಾರೆ. ನೋಡಲು ಗಟ್ಟಿಮುಟ್ಟಾಗಿರುವ ಯುವಕನೊಬ್ಬ ಹತ್ತಿದರೆ ‘ನಿನಗೇನಾಗಿದೆ, ಇಳಿ’ ಎಂದು ಗದರುತ್ತಾರೆ. ಯಾವ ವೈಕಲ್ಯವೂ ಇಲ್ಲದವರು ಈ ಬೋಗಿಗೆ ನುಗ್ಗುವುದು ನಿಜವಾದ ಪಿಡುಗು. ಆದ್ದರಿಂದ ಸಿಟ್ಟು ಸಹಜ. ಆದರೆ ಕಾಯ್ದೆಯ 21 ಬಗೆಗಳಲ್ಲಿ ಹಿಮೋಫೀಲಿಯಾ, ಥಲಸ್ಸೀಮಿಯಾ, ಆಟಿಸಂ, ಕಲಿಕೆಯ ನ್ಯೂನತೆ, ಮಾನಸಿಕ ಅಸ್ವಸ್ಥತೆ ಎಲ್ಲವೂ ಇವೆ, ಇವು ಕಣ್ಣಿಗೆ ಕಾಣುವುದಿಲ್ಲ. ನೋವನ್ನು ದಾಖಲೆ ಹಿಡಿದು ಅಪರಿಚಿತರೆದುರು ಸಾಬೀತುಪಡಿಸಬೇಕಾದ ಅವಮಾನ, ಇವರು ಇತರರಿಗಿಂತ ಹೆಚ್ಚಾಗಿ ತೆರುವ ಸುಂಕ.

ಕಾಯ್ದೆಯ ಹೃದಯ ‘ಸಮಂಜಸ ಹೊಂದಾಣಿಕೆ’ ಎಂಬ ಕಲ್ಪನೆ. ಇತರರಂತೆಯೇ ಹಕ್ಕು ಅನುಭವಿಸಲು ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಬೇಕಾದ ಬದಲಾವಣೆಯನ್ನು, ಅಳತೆ ಮೀರಿದ ಹೊರೆ ಬೀಳದಂತೆ ಮಾಡಿಕೊಡುವುದೇ ಸಮಂಜಸ ಹೊಂದಾಣಿಕೆ. ಅದನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಏನನ್ನೋ ಮಾಡಿದ್ದರಿಂದ ಮಾತ್ರವಲ್ಲ, ಮಾಡಬೇಕಾದುದನ್ನು ಮಾಡದಿದ್ದುದರಿಂದಲೂ ಅನ್ಯಾಯವಾಗುತ್ತದೆ.

ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಡುವುದನ್ನು ಅನೇಕ ಪೋಷಕರು ಅನ್ಯಾಯ ಎನ್ನುತ್ತಾರೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಅರ್ಹ ಅಭ್ಯರ್ಥಿಗಳಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಿಗುತ್ತದೆ. ಇದು ನ್ಯಾಯವೇ ಎಂಬುದನ್ನು ತೀರ್ಮಾನಿಸಲು, ಆ ಪರೀಕ್ಷೆ ಏನನ್ನು ಅಳೆಯುತ್ತಿದೆ ಎಂದು ಕೇಳಬೇಕು. ಇತಿಹಾಸದ ಪರೀಕ್ಷೆ ಅಳೆಯುವುದು ಇತಿಹಾಸದ ಜ್ಞಾನವನ್ನು, ಬೆರಳುಗಳ ವೇಗವನ್ನಲ್ಲ. ಬೆರಳು ನಿಧಾನವಾದುದರಿಂದ ಅಂಕ ಕಡಿಮೆಯಾದರೆ ಆ ಅಂಕವೇ ಸುಳ್ಳು. ಹೆಚ್ಚುವರಿ ಸಮಯ ಆ ಸುಳ್ಳನ್ನು ತಿದ್ದುತ್ತದೆ. ಶೀಘ್ರಲಿಪಿಯ ಪರೀಕ್ಷೆಯಾದರೆ ಅಲ್ಲಿ ವೇಗವೇ ವಿಷಯ, ಅಲ್ಲಿ ಉತ್ತರ ಇಷ್ಟು ಸುಲಭವಲ್ಲ. ಬರೆಯುವಾಗ ಕೈ ಸೆಡೆತುಕೊಳ್ಳುವ ತೊಂದರೆಯಿದ್ದ ನಾಗರಿಕ ಸೇವಾ ಪರೀಕ್ಷೆಯ ಅಭ್ಯರ್ಥಿಯೊಬ್ಬರಿಗೆ, ಶೇಕಡಾ 40ರ ವೈಕಲ್ಯ ಪ್ರಮಾಣಪತ್ರ ಇಲ್ಲವೆಂದು ಉತ್ತರ ಬರೆದುಕೊಡುವ ಲಿಪಿಕಾರರನ್ನು ನಿರಾಕರಿಸಿದಾಗ, ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಆ ನಿರಾಕರಣೆಯನ್ನು ಒಪ್ಪಲಿಲ್ಲ. ಮೀಸಲಾತಿಗೆ ಶೇಕಡಾ 40ರ ಗೆರೆ ಇರಬಹುದು, ಆದರೆ ಸಮಂಜಸ ಹೊಂದಾಣಿಕೆ ಆ ಗೆರೆಗೆ ಬದ್ಧವಲ್ಲ ಎಂಬುದು ತೀರ್ಪಿನ ಸಾರ. 2024ರ ಅಕ್ಟೋಬರ್‌ನಲ್ಲಿ ಇದೇ ಗೆರೆಯ ಇನ್ನೊಂದು ಮುಖ ಕಂಡಿತು. ಮಾತಿನ ವೈಕಲ್ಯ ಶೇಕಡಾ 40ಕ್ಕಿಂತ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಮಹಾರಾಷ್ಟ್ರದ ವಿದ್ಯಾರ್ಥಿಯೊಬ್ಬರಿಗೆ ವೈದ್ಯಕೀಯ ಪ್ರವೇಶ ತಪ್ಪಿತ್ತು. ಸಂಖ್ಯೆಯೊಂದನ್ನೇ ನೋಡಿ ತಳ್ಳಿಹಾಕುವಂತಿಲ್ಲ, ಆ ವ್ಯಕ್ತಿ ಓದನ್ನು ನಿಭಾಯಿಸಬಲ್ಲನೇ ಎಂದು ತಜ್ಞರ ಮಂಡಳಿ ಪರಿಶೀಲಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು.

ಮುಂಬೈ ಕನ್ನಡಿಗರಿಗೆ ಹತ್ತಿರದ ಸಂಗತಿಯೊಂದಿದೆ. ಹೋಟೆಲಿನ ಅಡುಗೆಮನೆಯಲ್ಲಿ ರುಬ್ಬುವ ಯಂತ್ರಕ್ಕೆ ಬೆರಳು ಸಿಕ್ಕಿಯೋ, ಕುದಿಯುವ ಎಣ್ಣೆ ಚೆಲ್ಲಿಯೋ ಕೈ ಕಳೆದುಕೊಂಡ ಹುಡುಗರನ್ನು ನಮ್ಮ ಊರುಗಳಲ್ಲಿ ಕಾಣಬಹುದು. ಆಸ್ಪತ್ರೆಯ ಖರ್ಚನ್ನು ಧಣಿಗಳು ಕೊಡುತ್ತಾರೆ, ಕೆಲವರು ಅದಕ್ಕಿಂತ ಹೆಚ್ಚನ್ನೂ ಕೊಡುತ್ತಾರೆ; ಆಮೇಲೆ ಬಸ್ಸಿನ ಟಿಕೆಟ್ ತೆಗೆದು ಊರಿಗೆ ಕಳಿಸುತ್ತಾರೆ. ಸರ್ಕಾರಿ ನೌಕರನೊಬ್ಬ ಸೇವೆಯಲ್ಲಿರುವಾಗ ಅಂಗವಿಕಲನಾದರೆ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ, ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಬದಲಾಯಿಸಬೇಕು ಎಂದು 2016ರ ಕಾಯ್ದೆಯ 20ನೇ ಕಲಂ ಹೇಳುತ್ತದೆ. ಈ ರಕ್ಷಣೆ ಖಾಸಗಿ ನೌಕರನಿಗೆ ಇಲ್ಲ. ಖಾಸಗಿ ಸಂಸ್ಥೆಗಳು ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು, 20 ಅಥವಾ ಹೆಚ್ಚು ನೌಕರರಿರುವಲ್ಲಿ ಅದರಲ್ಲಿ ಹೆಚ್ಚಿನ ವಿವರಗಳಿರಬೇಕು ಎಂಬ ನಿಯಮವಿದೆ, ಅಷ್ಟೇ. ಕಾನೂನು ಸುಮ್ಮನಿರುವ ಇಂಥ ಕಡೆಯೇ ನೀತಿಯ ಪ್ರಶ್ನೆ ಗಟ್ಟಿಯಾಗುತ್ತದೆ. ಪರಿಹಾರದ ಹಣ ಆದ ನಷ್ಟಕ್ಕೆ ಉತ್ತರ. ಮುಂದಿನ ನಲವತ್ತು ವರ್ಷ ದುಡಿದು ಬದುಕುವ ಅವನ ಹಕ್ಕಿಗೆ ಉತ್ತರವಲ್ಲ. ಗಲ್ಲಾದಲ್ಲಿ ಕೂರುವುದು, ಪಾರ್ಸೆಲ್ ಆರ್ಡರ್ ಬರೆದುಕೊಳ್ಳುವುದು, ಸರಕಿನ ಲೆಕ್ಕ ಇಡುವುದು ಒಂದೇ ಕೈಯಿಂದ ಆಗುವ ಕೆಲಸಗಳು. ಅಂಥ ಕೆಲಸ ಕೊಡುವುದು ಔದಾರ್ಯವಲ್ಲ, ಆ ಅಡುಗೆಮನೆಯಲ್ಲಿ ಅವನು ಕಳೆದುಕೊಂಡುದಕ್ಕೆ ಸಲ್ಲಬೇಕಾದ ಋಣ ಎಂದೇ ನನ್ನ ದೃಢವಾದ ಅಭಿಪ್ರಾಯ.

ಊರಿಗೆ ಮರಳದೆ ಇಲ್ಲೇ ಉಳಿದವರಿಗೆ ಇನ್ನೊಂದು ಕಷ್ಟವಿದೆ. ಕಲಬುರಗಿ, ಯಾದಗಿರಿ ಕಡೆಯಿಂದ ಮುಂಬೈ, ಪುಣೆಗಳಿಗೆ ಕಟ್ಟಡ ಕೆಲಸಕ್ಕೆ ಬಂದವರು ಗಾಯಗೊಂಡರೆ, ಅಂಗವೈಕಲ್ಯ ಪ್ರಮಾಣಪತ್ರ ದೇಶದಾದ್ಯಂತ ಊರ್ಜಿತವಾದರೂ ಮಾಸಾಶನ ರಾಜ್ಯಗಳಿಗೆ ಸೇರಿದ್ದು. ಕರ್ನಾಟಕದ ಮಾಸಾಶನಕ್ಕೆ ಅಲ್ಲಿನ ವಿಳಾಸ ಬೇಕು, ಮಹಾರಾಷ್ಟ್ರದ ನೆರವಿಗೆ ಇಲ್ಲಿನ ದೀರ್ಘ ವಾಸದ ದಾಖಲೆ ಬೇಕು. ಎರಡರ ನಡುವೆ ಸಿಕ್ಕವರಿಗೆ ಯಾವುದೂ ಇಲ್ಲ.

ಹೊರೆಯ ಪ್ರಶ್ನೆಯನ್ನು ಬದಿಗಿಡುವಂತಿಲ್ಲ. ಬಾಡಿಗೆ ಮಳಿಗೆಯಲ್ಲಿ ಹನ್ನೆರಡು ಕೆಲಸಗಾರರೊಂದಿಗೆ ಹೋಟೆಲ್ ನಡೆಸುವವರಿಗೆ ಲಿಫ್ಟ್ ಹಾಕಿಸಿ ಎಂದರೆ ಅದು ಅಳತೆ ಮೀರಿದ ಹೊರೆಯೇ ಸರಿ. ಆದರೆ ಹೊಸ್ತಿಲಿಗೆ ಸಣ್ಣ ಇಳಿಜಾರು ಹಲಗೆ ಇಡುವುದು, ಅಂಧ ಗಿರಾಕಿಗೆ ತಿಂಡಿಗಳ ಹೆಸರು ಮತ್ತು ಬೆಲೆ ಓದಿ ಹೇಳುವುದು ಹೊರೆಯಲ್ಲ. ಇನ್ನೊಂದೆಡೆ, ದಾನಿಗಳಿಂದ ಕೋಟಿಗಟ್ಟಲೆ ಸಂಗ್ರಹಿಸಿ ಹೊಸ ಭವನ ಕಟ್ಟುವ ಸಂಸ್ಥೆ ಹವಾನಿಯಂತ್ರಣಕ್ಕೆ, ಅಮೃತಶಿಲೆಗೆ ಹಣ ಹೊಂದಿಸಿ, ಗಾಲಿಕುರ್ಚಿ ಹಿಡಿಸುವ ಶೌಚಾಲಯಕ್ಕೆ ಮಾತ್ರ ‘ಬಜೆಟ್ ಇಲ್ಲ’ ಎಂದರೆ ಆ ಮಾತು ನಿಲ್ಲುವುದಿಲ್ಲ. ಸಾರ್ವಜನಿಕ ಕಟ್ಟಡ ಎಂದರೆ ಸರ್ಕಾರದ್ದು ಮಾತ್ರ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಧಾರ್ಮಿಕ, ಸಾಂಸ್ಕೃತಿಕ, ಮನರಂಜನೆಯ ಉದ್ದೇಶಕ್ಕೆ ಜನ ಬಳಸುವ ಖಾಸಗಿ ಕಟ್ಟಡಗಳನ್ನೂ ಕಾಯ್ದೆ ಅದರಲ್ಲಿ ಸೇರಿಸುತ್ತದೆ. ಮಾನದಂಡ ಪಾಲಿಸದ ಹೊಸ ಕಟ್ಟಡದ ನಕ್ಷೆಗೆ ಅನುಮತಿ ಕೊಡುವಂತಿಲ್ಲ, ಹಳೆಯ ಸಾರ್ವಜನಿಕ ಕಟ್ಟಡಗಳನ್ನು 2017ರ ಜೂನ್‌ನಿಂದ ಐದು ವರ್ಷಗಳೊಳಗೆ ಸರಿಪಡಿಸಬೇಕು ಎನ್ನುತ್ತದೆ. ಆ ಗಡುವು 2022ರಲ್ಲೇ ಮುಗಿದಿದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಕಾಯ್ದೆಯು ಕಡ್ಡಾಯ ಮಾಡಿದ್ದನ್ನು ನಿಯಮಗಳು ಬರಿಯ ಸಲಹೆಯಾಗಿಸಿವೆ ಎಂದು ಕಂಡುಕೊಂಡು, ಕಡ್ಡಾಯದ ಕನಿಷ್ಠ ಮಾನದಂಡಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಆದೇಶಿಸಿತು.

ಕಟ್ಟಡಕ್ಕಿಂತ ಕಷ್ಟದ ವಿಷಯ, ಒಳ್ಳೆಯ ಉದ್ದೇಶದಿಂದಲೇ ಇನ್ನೊಬ್ಬರ ಪರವಾಗಿ ನಿರ್ಧರಿಸಿಬಿಡುವ ನಮ್ಮ ಅಭ್ಯಾಸ. 2012ರ ಫೆಬ್ರವರಿಯಲ್ಲಿ, ಸೆರೆಬ್ರಲ್ ಪಾಲ್ಸಿ ಇರುವ ಹಕ್ಕುಗಳ ಹೋರಾಟಗಾರ್ತಿ ಜೀಜಾ ಘೋಷ್ ಅವರು ಗೋವಾದಲ್ಲಿ ನಡೆಯಲಿದ್ದ ಸಮ್ಮೇಳನಕ್ಕೆ ಹೊರಟು ಕೋಲ್ಕತ್ತಾದಲ್ಲಿ ವಿಮಾನ ಹತ್ತಿ ಕುಳಿತಿದ್ದರು. ಅವರ ಆರೋಗ್ಯ ಸರಿಯಿಲ್ಲ ಎಂದು ತಾವೇ ಭಾವಿಸಿದ ಸಿಬ್ಬಂದಿ ಅವರನ್ನು ಕೆಳಗಿಳಿಸಿದರು. ಅಂಗವಿಕಲರಿಗಾಗಿ ದುಡಿಯುವ ಮುಂಬೈಯ ಅಡಾಪ್ಟ್ ಸಂಸ್ಥೆಯೂ ಜೊತೆ ನಿಂತ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ₹10 ಲಕ್ಷ ಪರಿಹಾರ ಕೊಡಿಸಿತು. ಸುರಕ್ಷತೆಯ ಹೆಸರಿನಲ್ಲಿ ನಡೆದ ಆ ಘಟನೆಯಲ್ಲಿ ಯಾರೂ ಆಕೆಯನ್ನು ಸರಿಯಾಗಿ ಕೇಳಿರಲಿಲ್ಲ. ಇದೇ ಅಭ್ಯಾಸದ ಸಣ್ಣ ರೂಪ ನಮ್ಮ ಹೋಟೆಲುಗಳಲ್ಲಿದೆ: ಅಂಧ ಗಿರಾಕಿ ಎದುರಿಗೇ ಕುಳಿತಿದ್ದರೂ ಮಾಣಿ ಪಕ್ಕದವರನ್ನು ‘ಇವರಿಗೆ ಏನು ಕೊಡಲಿ?’ ಎಂದು ಕೇಳುತ್ತಾನೆ. ಅದರ ದೊಡ್ಡ ರೂಪ ಆಸ್ತಿಯ ಪಾಲಿನಲ್ಲಿದೆ. ‘ಅವಳನ್ನು ನಾವು ನೋಡಿಕೊಳ್ಳುತ್ತೇವಲ್ಲ’ ಎಂದು ಹೇಳಿ ಅಂಗವಿಕಲ ತಂಗಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಹಕ್ಕು ಬಿಡಿಸಿಕೊಳ್ಳುವುದು ಊರಿನಲ್ಲೂ ಉಂಟು, ಮುಂಬೈಯಲ್ಲಿ ನೆಲೆಸಿದ ಮನೆತನಗಳಲ್ಲೂ ಉಂಟು. ಆಸ್ತಿ ಹೊಂದುವ, ಪಡೆಯುವ, ಹಣಕಾಸು ನಿರ್ವಹಿಸುವ ಹಕ್ಕು ಅಂಗವಿಕಲರಿಗೆ ಇತರರಷ್ಟೇ ಇದೆ. ನೆರವು ನೀಡುತ್ತಿರುವವರಿಗೇ ಆ ವ್ಯವಹಾರದಲ್ಲಿ ಹಿತಾಸಕ್ತಿ ಇದ್ದರೆ ಅವರು ಅದರಿಂದ ದೂರ ಉಳಿಯಬೇಕು ಎಂದು 13ನೇ ಕಲಂ ಹೇಳುತ್ತದೆ. ಬುದ್ಧಿಮಾಂದ್ಯ ಇರುವವರ ವಿಷಯದಲ್ಲಿ ಇದು ಸುಲಭವಲ್ಲವೆಂದು ಬಲ್ಲೆ. ಅವರಿಗೂ ಇಷ್ಟಾನಿಷ್ಟಗಳಿವೆ, ಅರ್ಥವಾಗುವಂತೆ ವಿವರಿಸಲು ಬೇಕಾದ ಸಮಯ ಕೊಡುವುದೂ ಒಂದು ಸಮಂಜಸ ಹೊಂದಾಣಿಕೆಯೇ.

ಹಕ್ಕು ತಪ್ಪಿದಾಗ ಎಲ್ಲಿ ಕೇಳಬೇಕು ಎಂಬುದು ಹಲವರಿಗೆ ಗೊತ್ತಿಲ್ಲ. ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು, ಮೊದಲ ದೂರು ಅವರಿಗೆ. ಪ್ರತಿ ರಾಜ್ಯದಲ್ಲೂ ಅಂಗವಿಕಲರ ಆಯುಕ್ತರಿದ್ದಾರೆ. ಮಹಾರಾಷ್ಟ್ರದ ಆಯುಕ್ತಾಲಯ ಪುಣೆಯಲ್ಲಿದೆ. ಸಿವಿಲ್ ನ್ಯಾಯಾಲಯದಂತೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಅಧಿಕಾರ ಆಯುಕ್ತರಿಗಿದೆ. ಕಾಯ್ದೆಯನ್ನು ಉಲ್ಲಂಘಿಸಿದವರಿಗೆ ಮೊದಲ ಬಾರಿ ₹10,000ದವರೆಗೆ, ಆಮೇಲಿನ ಪ್ರತಿ ತಪ್ಪಿಗೆ ₹50,000ದಿಂದ ₹5 ಲಕ್ಷದವರೆಗೆ ದಂಡವಿದೆ. ಆಯುಕ್ತರು ಸ್ವಯಂಪ್ರೇರಣೆಯಿಂದಲೂ ವಿಚಾರಣೆ ಕೈಗೊಳ್ಳಬಹುದು. ಆದ್ದರಿಂದ ಲಿಫ್ಟ್ ಇಲ್ಲದ ಭವನದ ಸಂಗತಿಯನ್ನಾಗಲಿ, ಪ್ರವೇಶ ನಿರಾಕರಿಸಿದ ಶಾಲೆಯ ಸಂಗತಿಯನ್ನಾಗಲಿ ಅವರ ಗಮನಕ್ಕೆ ತರಲು ಅಂಗವಿಕಲರೇ ಮುಂದಾಗಬೇಕೆಂದು ಕಾಯಬೇಕಾಗಿಲ್ಲ. ಆ ಮೆಟ್ಟಿಲುಗಳನ್ನು ಸಲೀಸಾಗಿ ಹತ್ತಿ ಹೋದವರೂ ಬರೆಯಬಹುದು.